ಬಣ್ಣದ ಚಿಂತೆ ಆಮೇಲೆ, ಮೊದಲು ಬೆಳಕಿನ ಲೆಕ್ಕ

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ಮೂರು ತಿಂಗಳ ಕೂಸಾಗಿದ್ದಾಗಲೇ ಕಣ್ಣುಗುಡ್ಡೆ ಅಲುಗಾಡುತ್ತಿದ್ದವು. ಬಿಸಿಲಿಗೆ ಬಂದರೆ ಕಣ್ಣೇ ಬಿಡುವುದಿಲ್ಲ, ನಮ್ಮ ಅಂಗಳದಲ್ಲೇ ಎಡವಿ ಬೀಳುತ್ತಾನೆ. ಅದೇ ಹೊತ್ತು ಮುಳುಗಿದರೆ ಎಲ್ಲರ ಜೊತೆ ಓಡಿ ಆಡುತ್ತಾನೆ. ಶಾಲೆಯಲ್ಲಿ ‘ನಾಟಕ ಮಾಡ್ತಾನೆ’ ಅಂದಿದ್ದೂ ಆಯಿತು. ಈಗ ಇಆರ್‌ಜಿ (ಬೆಳಕಿಗೆ ಕಣ್ಣಿನ ಹಿಂಪರದೆ ಹೊಮ್ಮಿಸುವ ವಿದ್ಯುತ್ ಅಲೆ ಅಳೆಯುವ) ಪರೀಕ್ಷೆ ಮಾಡಿ ಅಕ್ರೊಮಾಟಾಪ್ಸಿಯಾ, ಅಂದರೆ ಪೂರ್ತಿ ಬಣ್ಣಗುರುಡು ಎಂದಿದ್ದಾರೆ. ದೃಷ್ಟಿ 6/60, ಅಂದರೆ ಬೇರೆಯವರಿಗೆ 60 ಮೀಟರಿನಿಂದ ಕಾಣುವುದು ಇವನಿಗೆ 6 ಮೀಟರಿಗೆ ಬಂದರೆ ಕಾಣುತ್ತದೆ. ನನ್ನ ಗಂಡ ನನಗೆ ಸ್ವಂತ ಸೋದರಮಾವ. ಮುಂದೆ ಪೂರ್ತಿ ಕುರುಡಾಗುತ್ತಾನಾ? ಎಂಥ ಕನ್ನಡಕ ಕೊಡಿಸಬೇಕು? ಮಾಮೂಲಿ ಶಾಲೆಯಲ್ಲೇ ಓದಿಸಬಹುದಾ? ಎರಡನೇ ಮಗುವಿನ ಬಗ್ಗೆ ಏನು ಹೇಳುತ್ತೀರಿ?
— ದಾವಣಗೆರೆ ಜಿಲ್ಲೆಯ ಓದುಗರು

ಉತ್ತರ: ಮೊದಲ ಪ್ರಶ್ನೆಗೆ ಮೊದಲೇ ಉತ್ತರ. ಇಲ್ಲ, ಪೂರ್ತಿ ಕುರುಡಾಗುವುದಿಲ್ಲ. ಇದು ಹುಟ್ಟಿನಿಂದ ಇರುವ, ಹೆಚ್ಚಿನವರಲ್ಲಿ ಇದ್ದ ಹಾಗೇ ಉಳಿಯುವ ತೊಂದರೆ. ಕಣ್ಣಿನ ಅಲುಗಾಟ ವಯಸ್ಸಾದಂತೆ ಕಡಿಮೆಯಾಗುವುದೇ ಹೆಚ್ಚು. ಬಿಸಿಲಿನ ಕಾಟವೂ ಕೆಲವರಿಗೆ ಸ್ವಲ್ಪ ತಗ್ಗುತ್ತದೆ. ಅಥವಾ ಅದನ್ನು ನಿಭಾಯಿಸುವ ಜಾಣತನ ಬೆಳೆಯುತ್ತದೆ ಎನ್ನಿ.

ಮಗ ನಾಟಕ ಮಾಡುತ್ತಿಲ್ಲ ಎನ್ನುವುದನ್ನು ಶಾಲೆಗೆ ಹೇಳುವ ಮೊದಲು ನಿಮಗೆ ಅರ್ಥವಾಗಬೇಕು. ಕಣ್ಣಿನ ಹಿಂಪರದೆಯಲ್ಲಿ ಬೆಳಕು ಹಿಡಿಯುವ ಎರಡು ಜಾತಿಯ ಕೋಶಗಳಿವೆ. ಡಾಕ್ಟರುಗಳು ರಾಡ್, ಕೋನ್ ಎನ್ನುತ್ತಾರೆ. ನಾವು ದಂಡಕೋಶ, ಶಂಕುಕೋಶ ಎನ್ನೋಣ. ಹಗಲಿನ ನೋಟ, ಬಣ್ಣ, ಸಣ್ಣ ಅಕ್ಷರ, ಇವೆಲ್ಲ ಸುಮಾರು 60 ಲಕ್ಷ ಶಂಕುಕೋಶಗಳ ಕೆಲಸ. ಮಬ್ಬು ಬೆಳಕಿನ, ಬೆಳದಿಂಗಳಿನ ನೋಟ ಸುಮಾರು 12 ಕೋಟಿ ದಂಡಕೋಶಗಳದು. ನಿಮ್ಮ ಮಗನಲ್ಲಿ ಶಂಕುಕೋಶಗಳು ಕೆಲಸ ಮಾಡುತ್ತಿಲ್ಲ. ರಾತ್ರಿಪಾಳಿಯವರೇ ಹಗಲುಪಾಳಿಯನ್ನೂ ಮಾಡಬೇಕಾಗಿದೆ. ಬಿಸಿಲಿನಲ್ಲಿ ದಂಡಕೋಶ ತುಂಬಿದ ಕೊಡದ ಹಾಗೆ ಆಗುತ್ತದೆ. ತುಂಬಿದ ಕೊಡಕ್ಕೆ ನೀರು ಜೋರಾಗಿ ಬೀಳುತ್ತಿದೆಯೋ ಸಣ್ಣಗೆ ಬೀಳುತ್ತಿದೆಯೋ, ಮಟ್ಟ ನೋಡಿ ಹೇಳಲಾಗದು; ಎರಡಕ್ಕೂ ಕೊಡ ತುಂಬಿಯೇ ಇರುತ್ತದೆ. ಹಾಗೆಯೇ ಮೆಟ್ಟಿಲು, ಅದರ ನೆರಳು, ಪಕ್ಕದ ಕಲ್ಲು ಎಲ್ಲ ಒಂದೇ ಬಿಳಿ ಉರಿಯಾಗಿ ಕಾಣುತ್ತದೆ. ಸಂಜೆ ಬೆಳಕು ಇಳಿದಾಗ ಕೊಡ ಖಾಲಿಯಾಗುತ್ತದೆ, ನೋಟ ಮರಳುತ್ತದೆ. ಇರುಳುಗಣ್ಣಿಗೆ ಇದು ನೇರ ತಿರುಗುಮುರುಗು. ಹಾಗಾಗಿ ಇರುಳುಗಣ್ಣಿನವರಿಗೆ ಹೇಳುವ ವಿಟಮಿನ್ ಎ, ಗಜ್ಜರಿ, ನುಗ್ಗೆಸೊಪ್ಪಿನ ಸಲಹೆ ಇಲ್ಲಿ ನಡೆಯುವುದಿಲ್ಲ. ಸೊಪ್ಪು ತಿನ್ನಲಿ, ಕಣ್ಣಿಗೆಂದು ಬೇಡ.

ಅವನು ಬಿಸಿಲಿನಲ್ಲಿ ಪಟಪಟನೆ ರೆಪ್ಪೆ ಬಡಿಯುತ್ತಾನಲ್ಲ, ಅದನ್ನು ಬಿಡಿಸಬೇಡಿ. ಕಣ್ಣು ಮುಚ್ಚಿ ತೆರೆದ ಆ ಒಂದು ಗಳಿಗೆ ಅವನಿಗೆ ಚಿತ್ರ ಸಿಗುತ್ತದೆ, ಮತ್ತೆ ತುಂಬಿಹೋಗುತ್ತದೆ. ತಲೆ ಓರೆ ಮಾಡಿ ನೋಡುವುದನ್ನೂ ತಿದ್ದಬೇಡಿ. ಕೆಲವು ಮಕ್ಕಳಿಗೆ ಒಂದು ನಿರ್ದಿಷ್ಟ ಓರೆಯಲ್ಲಿ ಕಣ್ಣಿನ ಅಲುಗಾಟ ಕಡಿಮೆಯಾಗುತ್ತದೆ. ಜೊತೆಗೆ ನೋಟದ ನಟ್ಟನಡುವೆ ದಂಡಕೋಶಗಳೇ ಇರುವುದಿಲ್ಲ, ಆದ್ದರಿಂದ ವಸ್ತುವಿನ ಸ್ವಲ್ಪ ಪಕ್ಕಕ್ಕೆ ನೋಡಿದರೇ ಅದು ಕಾಣುವುದು. ‘ನನ್ನ ಮುಖ ನೋಡಿ ಮಾತಾಡು’ ಎನ್ನುವ ಮೇಷ್ಟ್ರಿಗೆ ಇದನ್ನು ತಿಳಿಸಬೇಕು.

ರೋಗದ ಹೆಸರು ಸರಿಯಿದೆಯೇ ಎಂದು ಒಮ್ಮೆ ನೋಡಿಬಿಡೋಣ. ಇಆರ್‌ಜಿ ವರದಿಯಲ್ಲಿ ಕಣ್ಣನ್ನು ಕತ್ತಲಿಗೆ ಹೊಂದಿಸಿದ ಬಳಿಕ ಬರುವ ಅಲೆಗಳು ಸರಿಸುಮಾರು ಸರಿಯಾಗಿ, ಬೆಳಕಿನಲ್ಲಿ 30 ಹರ್ಟ್ಸ್ (ಸೆಕೆಂಡಿಗೆ 30 ಸಲ) ಮಿನುಗಿಗೆ ಬರಬೇಕಾದ ಅಲೆಗಳು ಚಪ್ಪಟೆಯಾಗಿ ಇದ್ದರೆ ರೋಗ ಇದೇ ಎನ್ನಲು ಬಲವಾದ ಆಧಾರ. ಕಣ್ಣಿನ ಹಿಂಭಾಗ ನೋಡಿದರೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಎಷ್ಟೋ ಮಕ್ಕಳಿಗೆ ವರ್ಷಗಟ್ಟಲೆ ‘ಕಣ್ಣು ಚೆನ್ನಾಗಿದೆ’ ಎಂಬ ಉತ್ತರ ಸಿಗುವುದು ಇದರಿಂದಲೇ. ಗಂಡುಮಗುವಾದ್ದರಿಂದ ಇನ್ನೊಂದನ್ನು ಕೇಳಿ ತಿಳಿಯಿರಿ: ನೀಲಿ ಶಂಕುಕೋಶ ಮಾತ್ರ ಉಳಿದಿರುವ ಒಂದು ಬಗೆಯಿದೆ, ತಾಯಿಯ ಕಡೆಯಿಂದ ಬಹುಪಾಲು ಗಂಡುಮಕ್ಕಳಿಗೇ ಬರುವಂಥದ್ದು. ಅದಾಗಿದ್ದರೆ ಕನ್ನಡಕದ ಬಣ್ಣ ಬದಲಾಗುತ್ತದೆ. ಕೆಂಪಿನ ಬದಲು ನೀಲಿಯನ್ನೂ ಸ್ವಲ್ಪ ಬಿಡುವ ಮೆಜೆಂಟಾ ಬಣ್ಣ ಅವರಿಗೆ ಹೊಂದುತ್ತದೆ.

ಈಗ ಕನ್ನಡಕ. ಬಹಳ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ, ಹಾಗಾಗಿ ಸ್ವಲ್ಪ ಲೆಕ್ಕ ಹಾಕೋಣ. ನಡುಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೀಳುವ ಬೆಳಕಿನ ಅಳತೆ). ಮೋಡ ಕವಿದ ಹಗಲು 10 ಸಾವಿರದ ಆಸುಪಾಸು. ತರಗತಿ ಕೋಣೆ 300ರಿಂದ 500. ಅಂಗಡಿಯ ಸಾಮಾನ್ಯ ಕೂಲಿಂಗ್ ಗ್ಲಾಸ್ ನೂರಕ್ಕೆ 8ರಿಂದ 18 ಭಾಗ ಬೆಳಕು ಬಿಡುತ್ತದೆ. ಅಂದರೆ ಅದನ್ನು ಹಾಕಿದ ಮೇಲೂ ಮಗನ ಕಣ್ಣಿಗೆ ಮೋಡದ ಹಗಲಿನಷ್ಟು ಬೆಳಕು ಬೀಳುತ್ತಲೇ ಇರುತ್ತದೆ, ಮೋಡದ ಹಗಲೂ ಅವನಿಗೆ ತಡೆಯದು. ಇನ್ನೂ ಕಪ್ಪಗಿನ ಬೂದುಗಾಜು ಹಾಕಿಸಿದರೆ ಉರಿ ತಗ್ಗುತ್ತದೆ, ಆದರೆ ಅವನು ನೋಡಬೇಕಾದದ್ದೂ ಮಂಕಾಗುತ್ತದೆ.

ಕೆಂಪಿನ ಉಪಾಯ ಬೇರೆ. ದಂಡಕೋಶಗಳಿಗೆ ಅತಿ ಚುರುಕಾಗಿ ತಾಗುವುದು 500 ನ್ಯಾನೊಮೀಟರ್ (ಬೆಳಕಿನ ಅಲೆಯ ಉದ್ದದ ಅಳತೆ) ಸುತ್ತಿನ ನೀಲಿ–ಹಸಿರು ಬೆಳಕು. ಕಡುಗೆಂಪು ಅವಕ್ಕೆ ತಾಗುವುದೇ ಇಲ್ಲ ಎನ್ನುವಷ್ಟು ಕಡಿಮೆ. 550 ನ್ಯಾನೊಮೀಟರ್‌ಗಿಂತ ಕೆಳಗಿನದನ್ನೆಲ್ಲ ತಡೆದು ಕಿತ್ತಳೆ–ಕೆಂಪನ್ನಷ್ಟೇ ಬಿಡುವ ಗಾಜು ಹಾಕಿದರೆ ಕೊಡಕ್ಕೆ ಬೀಳುವ ಧಾರೆ ಸಣ್ಣದಾಗುತ್ತದೆ, ವಸ್ತುಗಳ ನಡುವಿನ ವ್ಯತ್ಯಾಸ ಉಳಿಯುತ್ತದೆ. ಬಣ್ಣ ಹೇಗೂ ಕಾಣದವನಿಗೆ ಲೋಕ ಕೆಂಪಾಯಿತು ಎಂಬ ಬೇಸರವೂ ಇಲ್ಲ. ‘ಬಣ್ಣಗುರುಡು ಹೋಗಿಸುವ’ ಕನ್ನಡಕಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಕೊಳ್ಳಬೇಡಿ. ಅವು ಶಂಕುಕೋಶಗಳಿದ್ದು ಕೆಂಪು–ಹಸಿರು ಗೊಂದಲ ಇರುವವರಿಗೆ ಮಾಡಿದವು.

ಎರಡು ಜೊತೆ ಬೇಕು. ಹೊರಗೆ ನೂರಕ್ಕೆ 2ರಿಂದ 4 ಭಾಗ ಬೆಳಕು ಬಿಡುವ ಕಡುಗೆಂಪು ಅಥವಾ ಕೆಂಪು–ಕಂದು. ಒಳಗೆ 20ರಿಂದ 40 ಭಾಗ ಬಿಡುವ ಕಿತ್ತಳೆ. ಸಂಜೆಗೆ ಯಾವುದೂ ಬೇಡ. ಹಗಲಿಡೀ ಕಡುಗೆಂಪನ್ನೇ ಹಾಕಿಸಿ ಕೋಣೆಯೊಳಗೂ ಕೂರಿಸಿದರೆ ಇರುವ ನೋಟವೂ ಹಾಳು. ಫ್ರೇಮ್ ಕೆನ್ನೆಗೆ, ಹುಬ್ಬಿಗೆ ಒತ್ತಿಕೊಂಡು ಕಣತಲೆಯವರೆಗೆ ಸುತ್ತಿ ಬರಬೇಕು. ಹುಬ್ಬಿನ ಮೇಲೆ ಬೆರಳು ತೂರುವಷ್ಟು ಸಂದಿಯಿದ್ದರೆ ಅಲ್ಲಿಂದ ಬರುವುದು ನೂರಕ್ಕೆ ನೂರರ ಬಿಸಿಲು, ಗಾಜಿನ ಕೆಲಸವೆಲ್ಲ ನೀರಲ್ಲಿ ಹೋಮ.

ಇವನಿಗೆ ಪವರ್ ಕೂಡ ಇರಬಹುದು. ಈ ಮಕ್ಕಳಲ್ಲಿ ಪ್ಲಸ್ ಪವರ್ ಸಾಮಾನ್ಯ. ಅದನ್ನು ಡ್ರಾಪ್ಸ್ ಹಾಕಿ ಅಳೆಯುತ್ತಾರೆ. ಪಾಪೆ ಹಿಗ್ಗಿದ ಕಣ್ಣಿಗೆ ಬಿಸಿಲು ಇನ್ನೂ ದುಪ್ಪಟ್ಟು ಕಾಟ. ಅಟ್ರೊಪಿನ್ ಆದರೆ ಒಂದು ವಾರ ದಾಟಿಯೂ ಇರುತ್ತದೆ, ಸೈಕ್ಲೊಪೆಂಟೊಲೇಟ್ ಒಂದು ದಿನದಲ್ಲಿ ಇಳಿಯುತ್ತದೆ. ಯಾವುದು ಹಾಕುತ್ತೀರಿ ಎಂದು ಮೊದಲೇ ಕೇಳಿ, ಸಂಜೆಯ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಟೋಪಿ ಮರೆಯಬೇಡಿ. ಪವರ್ ಇರುವ ಗಾಜಿಗೆ ಬಣ್ಣ ಹಾಕಿಸುವಾಗ ಸಿಆರ್-39 ಪ್ಲಾಸ್ಟಿಕ್ ಕೇಳಿ, ಬಣ್ಣದ ಬಿಸಿ ದ್ರಾವಣದಲ್ಲಿ ಅದ್ದಿದಷ್ಟೂ ಅದು ಹೀರುತ್ತದೆ. ಪಾಲಿಕಾರ್ಬೊನೇಟ್ ಗಟ್ಟಿಯೇನೋ ಹೌದು, ಕಡುಬಣ್ಣ ಹಿಡಿಯುವುದಿಲ್ಲ. ಅದೇ ಬೇಕೆಂದರೆ ತಿಳಿಗಾಜಿನ ಮೇಲೆ ಹೊದಿಸಿ ಹಾಕುವ ದೊಡ್ಡ ಕೆಂಪು ಕನ್ನಡಕ ಕೊಳ್ಳಿ. ಬಣ್ಣ ಮೊದಲು, ಪ್ರತಿಫಲನ ತಡೆಯುವ ಲೇಪ ಆಮೇಲೆ, ಅದೂ ಕಣ್ಣಿನ ಕಡೆಯ ಮೈಗೆ. ಹಿಂದಿನಿಂದ ಬಂದ ಬೆಳಕು ಕಪ್ಪುಗಾಜಿನ ಒಳಮೈಯಲ್ಲಿ ಕನ್ನಡಿಯಂತೆ ಹೊಳೆಯುತ್ತದಲ್ಲ, ಅದಕ್ಕೆ.

ಗಾಜನ್ನು ಆರಿಸುವುದು ಆಸ್ಪತ್ರೆಯ ಮಬ್ಬುಕೋಣೆಯಲ್ಲಿ ಆಗುವ ಕೆಲಸವಲ್ಲ. ನಮೂನೆಯ ಗಾಜುಗಳನ್ನು ಕೇಳಿ ಪಡೆದು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೊರಗಿನ ಪೋರ್ಟಿಕೊಗೆ ಬನ್ನಿ. ನೆರಳಲ್ಲಿ ನಿಂತೇ ಹಾಕಿಸಿ, ಆಮೇಲೆ ಬಿಸಿಲಿಗೆ ಕರೆದೊಯ್ಯಿರಿ. ‘ಹೇಗಿದೆ’ ಎಂದು ಕೇಳಬೇಡಿ, ಆರು ವರ್ಷದವನು ಎಲ್ಲದಕ್ಕೂ ‘ಚೆನ್ನಾಗಿದೆ’ ಎನ್ನುತ್ತಾನೆ. ಅವನ ಹಣೆ ನೋಡಿ. ಹುಬ್ಬುಗಂಟು ಸಡಿಲಾಯಿತೇ, ರೆಪ್ಪೆ ಬಡಿತ ನಿಧಾನವಾಯಿತೇ, ತಗ್ಗಿಸಿದ ತಲೆ ಎತ್ತಿದನೇ, ನಿಮ್ಮ ಕೈ ಬಿಟ್ಟನೇ? ಒಂದೊಂದು ಗಾಜಿಗೂ ಹತ್ತು ಹದಿನೈದು ನಿಮಿಷ ಕೊಡಿ. ಕೈ ಬಿಟ್ಟು ನಾಲ್ಕು ಹೆಜ್ಜೆ ಹಾಕಿದ ಗಾಜೇ ಅವನದು.

ಟೋಪಿ ಕನ್ನಡಕದಷ್ಟೇ ಮುಖ್ಯ. ಅಂಚು 7–8 ಸೆಂಟಿಮೀಟರ್ ಇರಲಿ, ಅಂಚಿನ ಅಡಿಭಾಗ ಕಪ್ಪು ಅಥವಾ ಕಡುಹಸಿರು ಇರಲಿ. ಬಿಳಿ ಟೋಪಿ ಸಿಮೆಂಟು ನೆಲದಿಂದ ಎದ್ದ ಬೆಳಕನ್ನು ಮತ್ತೆ ಕಣ್ಣಿಗೇ ಸುರಿಯುತ್ತದೆ. ಕನ್ನಡಕ ಬದಲಿಸುವುದು ಹೊಸ್ತಿಲ ಒಳಗೆ, ನೆರಳಲ್ಲಿ. ಬಿಸಿಲಿನ ನಡುವೆ ತೆಗೆದರೆ ಒಳಗೆ ಬಂದ ಮೇಲೂ ನೋಟ ಮರಳಲು ನಿಮಿಷಗಳೇ ಬೇಕು.

ಸ್ವಲ್ಪ ದೊಡ್ಡವನಾದ ಮೇಲೆ ಕೆಂಪು ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಯೋಚಿಸಬಹುದು. ಅದಕ್ಕೆ ಸಂದಿಯೇ ಇಲ್ಲವಲ್ಲ. ನೀಲಿಗಣ್ಣಿನ ದೇಶಗಳಲ್ಲಿ ಇದನ್ನು ಹಾಕಿದರೆ ಕಣ್ಣು ವಿಚಿತ್ರವಾಗಿ ಕಾಣುತ್ತದೆಂದು ಹಿಂಜರಿಯುತ್ತಾರೆ. ನಮ್ಮ ಕಡುಕಂದು ಕಣ್ಣಿನಲ್ಲಿ ಅದು ಗೊತ್ತೇ ಆಗದು. ಆದರೆ ಕೈ ತೊಳೆಯುವ, ರಾತ್ರಿ ತೆಗೆದಿಡುವ, ನಲ್ಲಿನೀರು ಮುಟ್ಟಿಸದಿರುವ ಶಿಸ್ತು ಮನೆಯಲ್ಲಿ ಇದ್ದರೆ ಮಾತ್ರ. ಕೆರೆ, ಬಾವಿಯ ಈಜಿಗೆ ಹಾಕಿಕೊಂಡು ಇಳಿಯುವಂತಿಲ್ಲ. ಬಿಸಿಲಿಗೆ ಆಗಲೂ ಟೋಪಿ ಬೇಕು.

ಮನೆಯಲ್ಲಿ ಒಂದು ದೊಡ್ಡ ಬಿಳಿ ಟ್ಯೂಬ್‌ಲೈಟಿನ ಬದಲು 3–5 ವ್ಯಾಟಿನ ಹಳದಿ ಛಾಯೆಯ ಬಲ್ಬು ಎರಡು ಮೂರು ಕಡೆ, ಕಣ್ಣಿಗೆ ನೇರ ಬೀಳದಂತೆ ಮರೆ ಮಾಡಿ ಹಾಕಿ. ಡಬ್ಬದ ಮೇಲೆ 2700 ಕೆ ಎಂದಿರಲಿ. ಅದರಲ್ಲಿ ನೀಲಿಯ ಪಾಲು ಕಡಿಮೆ. ಮಿರುಗುವ ಬಿಳಿ ಟೈಲ್ಸಿನ ಮೇಲೆ ಕಿಟಕಿ ಎದುರು ಒಂದು ಚಾಪೆ ಹಾಸಿ. ಸ್ಟೀಲ್ ತಟ್ಟೆ ಇವನ ಪಾಲಿಗೆ ಊಟದ ಹೊತ್ತಿನ ಕನ್ನಡಿ. ಅದರಲ್ಲಿ ಅನ್ನ ಎಲ್ಲಿ ಮುಗಿಯಿತು, ತಟ್ಟೆ ಎಲ್ಲಿ ಶುರುವಾಯಿತು ಎಂದು ತಿಳಿಯದೆ ತಡಕಾಡಿದರೆ ಬೈಯುವಂತಿಲ್ಲ. ಕಡುಬಣ್ಣದ ಹೊಳಪಿಲ್ಲದ ತಟ್ಟೆ ಕೊಡಿ. ಬಾಳೆಲೆ ಇನ್ನೂ ಚೆನ್ನ.

ಶಾಲೆ ಮಾಮೂಲಿಯದೇ ಸಾಕು. ಅವನ ಕೂರುವ ಜಾಗ ಮೊದಲ ಸಾಲು, ಕಿಟಕಿಗೆ ಬೆನ್ನು. ಮೊದಲ ಸಾಲು ಎಂದು ಕಿಟಕಿ ಎದುರಿಗೇ ಕೂರಿಸಿದರೆ ಕೊನೆಯ ಸಾಲಿಗಿಂತ ಕಷ್ಟ. ಹಳೆಯ ಕರಿಹಲಗೆ, ಬಿಳಿ ಚಾಕ್‌ಪೀಸು ಇವನಿಗೆ ವರ. ಹೊಳೆಯುವ ವೈಟ್‌ಬೋರ್ಡ್ ಬೇಡ. ಕರಿಹಲಗೆಯ ಮೇಲೆ ಕೆಂಪು ಚಾಕ್‌ಪೀಸಿನಲ್ಲಿ ಬರೆದದ್ದು ಇವನ ಪಾಲಿಗೆ ಬರೆದೇ ಇಲ್ಲ. ಬೆಳಗಿನ ಪ್ರಾರ್ಥನೆಗೆ ನೆರಳಲ್ಲಿ ನಿಲ್ಲಲಿ, ಆಟದ ಪೀರಿಯಡ್ಡನ್ನು ಮೊದಲಿನದಕ್ಕೋ ಕೊನೆಯದಕ್ಕೋ ಹಾಕಲು ಕೇಳಿ. ಕರಿಹಲಗೆ ಓದಲು ಏಳೆಂಟು ವರ್ಷದಿಂದ ಒಂಟಿಕಣ್ಣಿನ ಚಿಕ್ಕ ದೂರದರ್ಶಕ ಅಭ್ಯಾಸ ಮಾಡಿಸಬಹುದು. 4 ಪಟ್ಟಿನದು ಲೆಕ್ಕದಲ್ಲಿ 6/60 ಅನ್ನು 6/15ರ ಹತ್ತಿರ ತರುತ್ತದೆ. ಮೊದಲು ನಿಂತ ವಸ್ತುವಿನ ಮೇಲೆ, ಮನೆಯಲ್ಲಿ, ದಿನಕ್ಕೆ ಹತ್ತು ನಿಮಿಷ.

ಓದಿಗೆ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡರೆ ಬಿಡಿ, ಕಣ್ಣು ಕೆಡುವುದಿಲ್ಲ. ಅವನಿಗೆ ಅದೇ ಭೂತಗನ್ನಡಿ. ನಿಜವಾದ ಭೂತಗನ್ನಡಿ ಕೊಳ್ಳುವುದಾದರೆ ಪುಟದ ಮೇಲೆ ಇಟ್ಟು ಸರಿಸುವ ಗುಮ್ಮಟದಾಕಾರದ್ದು ಕೊಳ್ಳಿ. ಅಂಗಡಿಯವರು ಪ್ರೀತಿಯಿಂದ ತೋರಿಸುವ ಎಲ್‌ಇಡಿ ದೀಪದ್ದು ಇವನಿಗೆ ಶತ್ರು.

ದೊಡ್ಡಕ್ಷರದ ವಿಷಯದಲ್ಲಿ ಕನ್ನಡದ್ದೇ ಒಂದು ತೊಡಕಿದೆ. ಇಂಗ್ಲಿಷಿಗೆ ಹೇಳಿದ 18 ಪಾಯಿಂಟಿನ ಅಳತೆಯನ್ನು ಹಾಗೇ ತಂದರೆ ಸಾಲದು. ನಮ್ಮಲ್ಲಿ ಅರ್ಥವನ್ನು ಹೊರುವುದು ಅಕ್ಷರದ ಅತಿ ಸಣ್ಣ ಭಾಗ: ದ–ಧ ನಡುವೆ ಅಡಿಯ ಒಂದು ಸೀಳು, ರ–ಠ ನಡುವೆ ಒಂದು ಚುಕ್ಕೆ, ಕೆಳಗೆ ತೂಗುವ ಒತ್ತಕ್ಷರ ಮೂಲ ಅಕ್ಷರದ ಅರ್ಧದಷ್ಟೂ ಇಲ್ಲ. ‘ಶಾಸ್ತ್ರ’ ಎಂಬ ಪದದಲ್ಲಿ ಅವನು ‘ಶಾಸ’ ಓದಿ ನಿಂತರೆ ಅದು ಓದು ಬರದಿರುವುದಲ್ಲ, ಒತ್ತು ಕಾಣದಿರುವುದು. ಅಳತೆಯನ್ನು ಒತ್ತಕ್ಷರದಿಂದ ಶುರು ಮಾಡಿ. 24 ಪಾಯಿಂಟಿನಲ್ಲಿ ‘ಸ್ತ್ರ’, ‘ಕ್ಷ್ಮ’, ‘ಷ್ಟ್ರ’ ಇರುವ ನಾಲ್ಕು ಸಾಲು ಮುದ್ರಿಸಿ ಓದಿಸಿ, ತಪ್ಪಿದರೆ 28ಕ್ಕೆ ಹೋಗಿ. ಸಾಲಿನ ಅಂತರ ಒಂದೂವರೆ ಇಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಢಿಕ್ಕಿ ಹೊಡೆಯುತ್ತದೆ. ಮಿರುಗುವ ಕಾಗದ ಬೇಡ, ಮಾಸಲು ಹಳದಿ ಕಾಗದ ಒಳ್ಳೆಯದು. ಪುಟವನ್ನು ಝೆರಾಕ್ಸ್‌ನಲ್ಲಿ ದೊಡ್ಡದು ಮಾಡಿಸುವುದು ಸುಲಭ, ಆದರೆ ಸಣ್ಣ ಒತ್ತುಗಳು ಅಲ್ಲಿ ಮಸಿಯ ಮುದ್ದೆಯಾಗುತ್ತವೆ. ಫೈಲ್ ಸಿಕ್ಕರೆ ಅದರಿಂದಲೇ ಮುದ್ರಿಸಿ. ಫೋನಿನಲ್ಲಿ ಡಾರ್ಕ್ ಥೀಮ್, ಆಂಡ್ರಾಯ್ಡ್‌ನ ಎಕ್ಸ್‌ಟ್ರಾ ಡಿಮ್, ಐಫೋನ್ ಆದರೆ ರೆಡ್ಯೂಸ್ ವೈಟ್ ಪಾಯಿಂಟ್ ಹಾಕಿಕೊಡಿ.

ಬಣ್ಣದ ಮಾತು ಇಷ್ಟು ತಡವಾಗಿ ಬಂತೆಂದು ಆಶ್ಚರ್ಯ ಬೇಡ. ಅದು ಇಲ್ಲಿ ಚಿಕ್ಕ ವಿಷಯ. ಅವನ ಲೋಕ ಬರೀ ಬೂದಲ್ಲ, ನೂರಾರು ಮೆಟ್ಟಿಲಿನ ಕಪ್ಪು–ಬಿಳಿ. ಕೆಂಪು ಅವನಿಗೆ ಬಹುಮಟ್ಟಿಗೆ ಕಪ್ಪು, ಹಳದಿ ತಿಳಿಬೂದು. ಕುಂಕುಮದ ಬಟ್ಟಲು ಕರಿ, ಅರಿಶಿನದ್ದು ಬೆಳ್ಳಗೆ, ಹಾಗಾಗಿ ಎರಡನ್ನೂ ತಪ್ಪದೆ ಹೇಳುತ್ತಾನೆ. ನೀವು ಅವನಿಗೆ ಬಣ್ಣ ಕಾಣುತ್ತದೆಂದು ಮೋಸ ಹೋಗುವುದೂ ಇಂಥಲ್ಲೇ. ಬಿಳಿ ಹಾಳೆಯ ಮೇಲೆ ಹಳದಿ ಕ್ರೇಯಾನ್ ಕಾಣದು. ಪ್ರತಿ ಕ್ರೇಯಾನಿನ ಮೇಲೂ ಬಣ್ಣದ ಹೆಸರನ್ನು ದಪ್ಪಗೆ ಬರೆದಂಟಿಸಿ, ಸಾಕು. ಬೀದಿಯಲ್ಲಿ ಮಾತ್ರ ಎಚ್ಚರ: ಸಿಗ್ನಲ್ಲಿನ ಕೆಂಪು ದೀಪ ಬಿಸಿಲಿನಲ್ಲಿ ಇವನಿಗೆ ಆರಿದಂತೆಯೇ ಕಾಣುತ್ತದೆ. ದೀಪ ನೋಡಿ ದಾಟುವುದನ್ನು ಕಲಿಸಬೇಡಿ, ಗಾಡಿಗಳ ಸದ್ದು ಮತ್ತು ಜನರ ಜೊತೆ ದಾಟುವುದನ್ನು ಕಲಿಸಿ. ಹಗಲಿಗೆ ಮಾತ್ರ ಬಿಳಿಕೋಲು ಹಿಡಿದರೂ ತಪ್ಪಿಲ್ಲ. ವಾಹನ ಓಡಿಸುವ ಆಸೆ ಬೇಡ. 2020ರಲ್ಲಿ ಲೈಸೆನ್ಸ್ ನಿಯಮ ಸಡಿಲಾದದ್ದು ಸಣ್ಣ ಮತ್ತು ಮಧ್ಯಮ ಬಣ್ಣಗುರುಡಿಗೆ, ಇದಕ್ಕಲ್ಲ.

ಅಂಗವಿಕಲ ಪ್ರಮಾಣಪತ್ರ ಖಂಡಿತ ಮಾಡಿಸಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಎರಡೂ ಕಣ್ಣು 6/60 ಇದ್ದರೆ ಸಾಮಾನ್ಯವಾಗಿ ಶೇ 40 ಅಂಗವೈಕಲ್ಯದ ಗೆರೆ ಮುಟ್ಟುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆ ಗೆರೆಯ ಮೇಲೆಯೇ ಬಹುಪಾಲು ಸವಲತ್ತು ನಿಂತಿದೆ: 18 ವರ್ಷದವರೆಗೆ ಉಚಿತ ಶಿಕ್ಷಣ ಇತ್ಯಾದಿ. ಲಿಖಿತ ಪರೀಕ್ಷೆಗಳಿಗೆ ಕೇಂದ್ರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡಬೇಕೆನ್ನುತ್ತದೆ. ತೊಡಕೊಂದೇ, ಆ ಶೇಕಡಾ ಲೆಕ್ಕ ಹಿಡಿಯುವುದು ನೋಟದ ತೀಕ್ಷ್ಣತೆ ಮತ್ತು ಹರವನ್ನು. ಬೆಳಕು ತಡೆಯದಿರುವುದಕ್ಕೆ ಅಲ್ಲಿ ಕಾಲಮ್ಮೇ ಇಲ್ಲ. ಮಬ್ಬುಕೋಣೆಯಲ್ಲಿ ಅಳೆದರೆ ಒಂದೆರಡು ಸಾಲು ಹೆಚ್ಚು ಓದಿಬಿಡುವ ಮಕ್ಕಳೂ ಇದ್ದಾರೆ. ಆದ್ದರಿಂದ ಇಆರ್‌ಜಿ ವರದಿ ಜೊತೆಗಿಡಿ, ಯಾವ ಬೆಳಕಿನಲ್ಲಿ ಅಳೆದರೆಂಬುದನ್ನೂ ಬಿಸಿಲಿನ ತೊಂದರೆಯನ್ನೂ ಬರೆಸಿಕೊಳ್ಳಿ. ಶಾಲೆಗೆ ಕೊಡಲು ಅದೇ ಕಾಗದ ಬೇಕಾಗುತ್ತದೆ.

ಎರಡನೇ ಮಗುವಿನ ವಿಷಯ. ಈ ತೊಂದರೆ ಬರುವುದು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನಿನ ಒಂದೊಂದು ಪ್ರತಿ ಬಂದಾಗ. ಇಬ್ಬರೂ ಕಣ್ಣು ಚೆನ್ನಾಗಿದ್ದೂ ಅದನ್ನು ಹೊತ್ತವರು. ಸೋದರಮಾವನ ಮದುವೆಯಲ್ಲಿ ಒಂದೇ ಮನೆತನದ ಪ್ರತಿ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಹೆಚ್ಚು. ಹೊರಗಿನವರಲ್ಲಿ ಸುಮಾರು 30 ಸಾವಿರಕ್ಕೆ ಒಬ್ಬರಲ್ಲಿ ಕಾಣುವುದು ನಮ್ಮ ಮನೆಗಳಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಪೆಸಿಫಿಕ್‌ನ ಪಿಂಗೆಲಾಪ್ ಎಂಬ ಹವಳದ್ವೀಪದಲ್ಲಿ 1775ರ ಸುಮಾರಿನ ಚಂಡಮಾರುತಕ್ಕೆ ಉಳಿದವರು ಇಪ್ಪತ್ತರ ಆಸುಪಾಸು. ಅವರೊಳಗೇ ಸಂಬಂಧ ಬೆಳೆದು ಇಂದು ಅಲ್ಲಿ ನೂರಕ್ಕೆ ಐದರಿಂದ ಹತ್ತು ಜನಕ್ಕೆ ಇದಿದೆ. ಅಲ್ಲಿನವರಲ್ಲಿ ಇದಕ್ಕೆ ಹೆಸರೇ ಇದೆ, ಮಸ್ಕುನ್, ‘ಕಾಣದು’ ಎಂದು. ರಾತ್ರಿ ಮೀನುಗಾರಿಕೆಗೆ ಅವರು ಹೆಸರುವಾಸಿ.

ನಿಮ್ಮ ಪ್ರತಿ ಬಸಿರಿಗೂ ಇದು ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲನೆಯದಕ್ಕೆ ಬಂತು, ಇನ್ನು ಮೂವರಿಗೆ ಬರದು ಎಂಬ ಲೆಕ್ಕವಲ್ಲ; ಪ್ರತಿ ಸಲವೂ ಹೊಸದಾಗಿ ನಾಲ್ಕರಲ್ಲಿ ಒಂದು. ಬಸಿರಾಗುವ ಮೊದಲೇ ಮಗನ ರಕ್ತದಿಂದ ಜೀನ್ ಪರೀಕ್ಷೆ ಮಾಡಿಸಿ. ಸಿಎನ್‌ಜಿಎ3, ಸಿಎನ್‌ಜಿಬಿ3 ಎಂಬೆರಡೇ ಬಹುಪಾಲಿಗೆ ಕಾರಣ. ಜಿಎನ್‌ಎಟಿ2, ಪಿಡಿಇ6ಸಿ, ಪಿಡಿಇ6ಎಚ್, ಎಟಿಎಫ್6 ಉಳಿದವು. ದೋಷ ಇಂಥಲ್ಲೇ ಎಂದು ಸಿಕ್ಕರೆ ಮಾತ್ರ ಮುಂದಿನ ಬಸಿರಿನಲ್ಲಿ 11ರಿಂದ 14ನೇ ವಾರದೊಳಗೆ ಮಗುವಿನಲ್ಲಿ ಹುಡುಕಲು ಸಾಧ್ಯ. ಹುಡುಕಬೇಕೇ, ಹುಡುಕಿ ಏನು ಮಾಡುವುದು ಎಂಬುದು ನಿಮ್ಮಿಬ್ಬರ ತೀರ್ಮಾನ, ಅತ್ತೆಮನೆಯದಲ್ಲ. ಹಿಂದಿರುಗಿ ನೋಡಿದರೆ ಇದು ಯಾರ ತಪ್ಪೂ ಅಲ್ಲ, ಗ್ರಹಣ ನೋಡಿದ್ದರಿಂದ ಆದದ್ದಂತೂ ಅಲ್ಲ. ಮಗ ದೊಡ್ಡವನಾಗಿ ಈ ಜೀನ್ ಹೊರದ ಹೊರಗಿನ ಹುಡುಗಿಯನ್ನು ಮದುವೆಯಾದರೆ ಅವನ ಮಕ್ಕಳಿಗೆ ಇದು ಬರುವುದಿಲ್ಲ. ಮತ್ತೆ ಒಳಸಂಬಂಧ ಮಾಡಿ ಹುಡುಗಿಯೂ ಹೊತ್ತವಳಾದರೆ ಎರಡರಲ್ಲಿ ಒಂದು.

ಜೀನ್ ಚಿಕಿತ್ಸೆಯ ಸುದ್ದಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಮೆರಿಕ, ಬ್ರಿಟನ್, ಇಸ್ರೇಲ್, ಜರ್ಮನಿಗಳಲ್ಲಿ ಆ ಎರಡು ಮುಖ್ಯ ಜೀನುಗಳಿಗೆ ಪ್ರಯೋಗಗಳು ನಡೆದಿವೆ. ಕೆಲವರಿಗೆ ಬಿಸಿಲಿನ ಕಾಟ ತುಸು ತಗ್ಗಿದೆ, ಬಣ್ಣ ತುಂಬಿದ ಲೋಕ ಯಾರಿಗೂ ತೆರೆದಿಲ್ಲ. ಮಂಜೂರಾಗಿ ಮಾರುಕಟ್ಟೆಗೆ ಬಂದ ಚಿಕಿತ್ಸೆ ಇಲ್ಲ. ‘ನಾವು ವಾಸಿ ಮಾಡುತ್ತೇವೆ’ ಎಂದು ಸ್ಟೆಮ್ ಸೆಲ್ ಚುಚ್ಚುಮದ್ದಿಗೆ ಲಕ್ಷಗಟ್ಟಲೆ ಕೇಳುವವರ ಬಾಗಿಲಿಗೆ ಹೋಗಬೇಡಿ.

ಕಣ್ಣಿನ ಡಾಕ್ಟರರ ಬಳಿ ವರ್ಷಕ್ಕೊಮ್ಮೆ ಹೋದರೆ ಸಾಕು; ಪವರ್ ಬದಲಾಗುತ್ತದೆ, ಮುಖ ದೊಡ್ಡದಾಗಿ ಫ್ರೇಮಿನಲ್ಲಿ ಸಂದಿ ಬೀಳುತ್ತದೆ. ಅದ್ದಿದ ಬಣ್ಣವೂ ಬಿಸಿಲಿಗೆ ಮೆಲ್ಲಗೆ ಮಾಸುತ್ತದೆ, ದಿನಾ ನೋಡುವ ನಿಮಗೆ ಅದು ತಿಳಿಯುವುದಿಲ್ಲ. ಕನ್ನಡಕ ಕೊಂಡ ದಿನವೇ ಅದೇ ಬಣ್ಣದ ಒಂದು ಗಾಜಿನ ಚೂರನ್ನು ಅಂಗಡಿಯಿಂದ ಕೇಳಿ ತಂದು ಕಪಾಟಿನ ಕತ್ತಲಲ್ಲಿಡಿ. ಆರು ತಿಂಗಳಿಗೊಮ್ಮೆ ಎರಡನ್ನೂ ಬಿಳಿ ಹಾಳೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಹಾಕಿಕೊಂಡದ್ದು ತೆಳುವಾಗಿ ಕಂಡರೆ ಹೊಸ ಗಾಜಿಗೆ ಬಣ್ಣ ಹಾಕಿಸುವ ಹೊತ್ತು.